ಶಕುಂತಲಾ ದೇವಿ ಹೇಳಿದ 26 ಅಂಕಿಯ ಉತ್ತರ: ಪೆನ್ಸಿಲ್ ಹಿಡಿದು ತಾಳೆ ನೋಡಿ

18,947,668,177,995,426,462,773,730.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೇಳಿದ ಉತ್ತರ ಇದು. ಅಲ್ಲಿನ ಕಂಪ್ಯೂಟರ್ ವಿಭಾಗದವರು 13 ಅಂಕಿಯ ಎರಡು ಸಂಖ್ಯೆ ಕೊಟ್ಟಿದ್ದರು: 7,686,369,774,870 ಮತ್ತು 2,465,099,745,779. ಗುಣಿಸಲು ಅವರಿಗೆ 28 ಸೆಕೆಂಡು ಸಾಕಾಯಿತು. ಎಷ್ಟೋ ಮೊಬೈಲ್ ಕ್ಯಾಲ್ಕುಲೇಟರ್‌ಗಳಲ್ಲಿ ಈ ಉತ್ತರ ಪೂರ್ತಿ ಮೂಡುವುದೇ ಇಲ್ಲ. ಆದರೆ ಕೂಡುವ, ಕಳೆಯುವ ಲೆಕ್ಕ ಬಂದರೆ ನಾವೇ ಇದನ್ನು ಪರೀಕ್ಷಿಸಬಹುದು.

ಮೊದಲು ಬಾಲ ನೋಡಿ. 70 ಮತ್ತು 79 ಗುಣಿಸಿದರೆ 5530. ಉತ್ತರದ ಕೊನೆಯಲ್ಲೂ 30 ಇದೆ. ಸರಿ, ಮುಂದೆ ಹೋಗೋಣ.

ಈಗ ಅಂಕಿಗಳನ್ನೆಲ್ಲ ಕೂಡಿ. ಮೊದಲ ಸಂಖ್ಯೆಯ ಮೊತ್ತ 78. 7 ಮತ್ತು 8 ಸೇರಿ 15, 1 ಮತ್ತು 5 ಸೇರಿ 6. ಎರಡನೆಯದರ ಮೊತ್ತ 74, ಅದು 11 ಆಗಿ, ಕೊನೆಗೆ 2. ಆರೆರಡ್ಲೆ 12, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138. ಅದು 12 ಆಗಿ, ಮತ್ತೆ 3! ಇದೇಕೆ ಹೀಗೆ? 10, 100, 1000 ಯಾವುದನ್ನೇ 9ರಿಂದ ಭಾಗಿಸಿ, ಉಳಿಯುವುದು 1. ಹಾಗಾಗಿ ಅಂಕಿ ಯಾವ ಸ್ಥಾನದಲ್ಲಿದ್ದರೂ ಶೇಷಕ್ಕೆ ಅದು ಬರೀ ತನ್ನಷ್ಟನ್ನೇ ಸೇರಿಸುತ್ತದೆ.

ಇಲ್ಲೇ ಒಂದು ಕಿಂಡಿಯೂ ಇದೆ. ಅವಸರದಲ್ಲಿ 773 ಅನ್ನು 737 ಎಂದು ಬರೆದರೂ ಮೊತ್ತ 138 ಆಗಿಯೇ ಇರುತ್ತದೆ, ಅಲ್ವಾ? ಅದಕ್ಕೇ 11ರ ಪರೀಕ್ಷೆ ಬೇಕು. ನನಗೆ ಇದೇ ಜಾಸ್ತಿ ಇಷ್ಟ.

ಬಲತುದಿಯ ಅಂಕಿಯಿಂದ ಶುರು ಮಾಡಿ. ಒಂದು ಬಿಟ್ಟು ಒಂದು ಅಂಕಿ ಕೂಡಿ. ಬಿಟ್ಟವನ್ನು ಬೇರೆಯಾಗಿ ಕೂಡಿ. ಮೊದಲ ಮೊತ್ತದಿಂದ ಎರಡನೆಯದನ್ನು ಕಳೆಯಿರಿ. ಮೊದಲ ಸಂಖ್ಯೆಗೆ 42ರಲ್ಲಿ 36 ಹೋಗಿ 6 ಉಳಿಯುತ್ತದೆ. ಎರಡನೆಯದಕ್ಕೆ 37ರಲ್ಲಿ 37 ಹೋಗಿ ಸೊನ್ನೆ! ಅಂದರೆ ಅದು 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗಾದರೆ ಉತ್ತರವೂ ಭಾಗವಾಗಲೇಬೇಕು. ಕೂಡಿ ನೋಡಿ: 69 ಮತ್ತು 69. ಮೊದಲ ಸಲ ಈ ಎರಡು ಮೊತ್ತ ಅಕ್ಕಪಕ್ಕ ಬಂದಾಗ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ನೋಡುತ್ತಾ ಕೂತಿದ್ದೆ. 737 ಎಂದು ತಪ್ಪಿ ಬರೆದಿದ್ದರೆ ಇಲ್ಲಿ 65 ಮತ್ತು 73 ಬಂದು, ತಪ್ಪು ಸಿಕ್ಕಿಬೀಳುತ್ತಿತ್ತು.

ಎರಡೂ ಪರೀಕ್ಷೆ ಪಾಸಾದರೂ ಉತ್ತರ ಸರಿ ಎಂದು ಪೂರ್ತಿ ಸಾಬೀತಾಗುವುದಿಲ್ಲ. ತಪ್ಪು ಸರಿಯಾಗಿ 99ರಷ್ಟೇ ಇದ್ದರೆ ಎರಡಕ್ಕೂ ಕಾಣದು. ಕಾಗದ ಮಿಕ್ಕಿದ್ದರೆ ಇನ್ನೊಂದು ಮಾಡಿ. ಮೂರು ಮೂರು ಅಂಕಿಯ ಗುಂಪು ಮಾಡಿ, ಬಲದಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ. ಇದು 1001ರ ಪರೀಕ್ಷೆ. ಕೊಟ್ಟ ಎರಡು ಸಂಖ್ಯೆಗೆ ಮೈನಸ್ 214 ಮತ್ತು ಮೈನಸ್ 330 ಬರುತ್ತವೆ. ಗುಣಿಸಿದರೆ 70,620. ಅದರಲ್ಲಿ 1001ರ ಎಪ್ಪತ್ತು ಪಟ್ಟು, ಅಂದರೆ 70,070 ಕಳೆದರೆ 550. ಉತ್ತರದ ಒಂಬತ್ತು ಗುಂಪುಗಳನ್ನು ಅದೇ ಥರ ಕೂಡಿ ಕಳೆಯಿರಿ. ಅಲ್ಲೂ 550.