ನಾಯಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೋರಿದ ಅರ್ಜಿಯನ್ನು ಓದುವುದು ಹೇಗೆ?

ವಿಶ್ವವಿದ್ಯಾಲಯದ ಪ್ರಾಣಿ ನೀತಿ ಸಮಿತಿಗೆ ವಿಜ್ಞಾನಿಯಲ್ಲದ ಸದಸ್ಯರಾಗಿ ನೇಮಕಗೊಂಡವರಿಗಾಗಿ ಈ ಬರಹ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಸಂಸ್ಥೆಗಳಲ್ಲಿ ಇಂಥ ಸಮಿತಿ ಇರಬೇಕೆಂದು ಪ್ರಾಣಿ ಪ್ರಯೋಗಗಳ ಕುರಿತ ಕೇಂದ್ರದ 1998ರ ನಿಯಮಗಳೂ ಅವುಗಳ ತಿದ್ದುಪಡಿಗಳೂ ಹೇಳುತ್ತವೆ. ವಿಜ್ಞಾನಿಗಳು, ಪಶುವೈದ್ಯರು ಮತ್ತು ಕೇಂದ್ರದ ನಾಮನಿರ್ದೇಶಿತರ ಜತೆಗೆ ಸಾಮಾಜಿಕ ಕಳಕಳಿಯುಳ್ಳ ಒಬ್ಬರಿಗೂ ಅದರಲ್ಲಿ ಸ್ಥಾನವಿದೆ. ಅರ್ಜಿಯ ತಾಂತ್ರಿಕ ಭಾಷೆಗೆ ಹಿಂಜರಿದು, ಉಳಿದವರು ಸಹಿ ಹಾಕಿದ ಮೇಲೆ ತಾವೂ ಹಾಕಿಬಿಡುವುದು ಈ ಸ್ಥಾನದಲ್ಲಿ ಕುಳಿತವರಿಗೆ ಸುಲಭವಾಗಿ ಅಂಟಿಕೊಳ್ಳುವ ಅಭ್ಯಾಸ. ನಾಯಿಗಳ ವಿಷಯ ಬಂದಾಗ ಆ ಹಿಂಜರಿಕೆಯನ್ನು ಬಿಡಬೇಕು, ಏಕೆಂದರೆ ಅಲ್ಲಿ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ವಿಜ್ಞಾನದ ಪದವಿ ಬೇಕಿಲ್ಲ.

ಮೊದಲಿಗೆ ನಿಮ್ಮ ಅಧಿಕಾರದ ಮಿತಿಯನ್ನು ತಿಳಿದಿರಿ. ಇಲಿ, ಮೊಲಗಳ ಪ್ರಯೋಗಕ್ಕೆ ಸಂಸ್ಥೆಯ ಸಮಿತಿಯೇ ಒಪ್ಪಿಗೆ ಕೊಡಬಹುದು. ನಾಯಿಯಂಥ ದೊಡ್ಡ ಪ್ರಾಣಿಯಾದರೆ ನೀವು ಶಿಫಾರಸು ಮಾಡಬಹುದಷ್ಟೆ. ಅಂತಿಮ ಅನುಮತಿ ಪ್ರಾಣಿ ಪ್ರಯೋಗಗಳ ನಿಯಂತ್ರಣ ಮತ್ತು ಮೇಲ್ವಿಚಾರಣೆಗಾಗಿ ಇರುವ ಕೇಂದ್ರದ ಸಿಸಿಎಸ್‌ಇಎ, ಅಂದರೆ ಹಿಂದೆ ಸಿಪಿಸಿಎಸ್‌ಇಎ ಎಂದು ಕರೆಯುತ್ತಿದ್ದ ಸಮಿತಿಯದು. ಹಾಗೆಂದು ‘ಮೇಲಿನವರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರುವಂತಿಲ್ಲ. ಆ ಪ್ರಾಣಿಗೃಹ ನಿಮ್ಮ ಊರಿನಲ್ಲಿದೆ, ಅವರ ಮುಂದಿರುವುದು ಕಾಗದ ಮಾತ್ರ.

ಪ್ರಯೋಗಕ್ಕೆ ಅನುಮತಿ ಕೋರುವ ಅರ್ಜಿ ನಮೂನೆಯಾದ ಫಾರ್ಮ್ ಬಿ ಕೈಗೆ ಬಂದೊಡನೆ ‘ನಾಯಿಯೇ ಏಕೆ?’ ಎಂಬ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ಓದಿ. ಹೊಸ ಔಷಧ ಅಥವಾ ಕೀಟನಾಶಕದ ವಿಷಪರೀಕ್ಷೆಗೆ ನಿಯಂತ್ರಣ ಸಂಸ್ಥೆಗಳು ದಂಶಕವಲ್ಲದ (ಇಲಿಯಂಥ ಕೊರೆಯುವ ಜಾತಿಗೆ ಸೇರದ) ಪ್ರಾಣಿಯೊಂದನ್ನು ಕೇಳುವುದುಂಟು. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಓಇಸಿಡಿಯ 409ನೆಯ ಮಾರ್ಗಸೂಚಿಯ 90 ದಿನಗಳ ಪರೀಕ್ಷೆಯಲ್ಲಿ ವಸ್ತುವನ್ನು ಮೂರು ಬೇರೆ ಬೇರೆ ಪ್ರಮಾಣದಲ್ಲಿ ಪಡೆಯುವ ಮೂರು ಗುಂಪುಗಳು ಹಾಗೂ ಅದನ್ನು ಪಡೆಯದ ಒಂದು ಹೋಲಿಕೆಯ ಗುಂಪು, ಪ್ರತಿ ಗುಂಪಿಗೆ ನಾಲ್ಕು ಗಂಡು, ನಾಲ್ಕು ಹೆಣ್ಣು ಎಂದು ಲೆಕ್ಕ ಹಾಕಿದರೆ ಕನಿಷ್ಠ 32 ಪ್ರಾಣಿಗಳಾಗುತ್ತವೆ. ಆದರೆ ವಿಶ್ವವಿದ್ಯಾಲಯದ ಸಂಶೋಧನೆಗೆ ಸಾಮಾನ್ಯವಾಗಿ ಇಂಥ ಕಟ್ಟುಪಾಡು ಇರುವುದಿಲ್ಲ; ನಾಯಿ ಅಲ್ಲಿ ಸಂಶೋಧಕರ ಆಯ್ಕೆ. ‘ಹಿಂದಿನವರೂ ನಾಯಿಯಲ್ಲೇ ಮಾಡಿದ್ದಾರೆ’ ಎಂಬುದನ್ನು ಕಾರಣವೆಂದು ಒಪ್ಪಬೇಡಿ. ಬೀಗಲ್ ತಳಿಯನ್ನು ಆರಿಸುವುದಕ್ಕೆ ಅದರ ಅಳತೆ, ಸಾಧು ಸ್ವಭಾವ ಮತ್ತು ಗುಂಪಿನಲ್ಲಿ ಹೊಂದಿಕೊಂಡು ಬಾಳುವ ಗುಣ ಕಾರಣಗಳೆನ್ನುತ್ತಾರೆ. ಕಚ್ಚುವುದಿಲ್ಲ ಎಂಬ ಕಾರಣಕ್ಕೇ ಸೂಜಿಗೆ ಗುರಿಯಾಗುವ ಪ್ರಾಣಿ ಅದು. ಇದು ಅನುಕೂಲದ ಮಾತೇ ಹೊರತು ವಿಜ್ಞಾನದ್ದಲ್ಲ.

1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದಲೇ ಇನ್ಸುಲಿನ್ ದೊರೆತದ್ದು ಎಂದು ಸಭೆಯಲ್ಲಿ ಯಾರಾದರೂ ನೆನಪಿಸಬಹುದು. ಅದು ನಿಜ, ಅಲ್ಲಗಳೆಯುವ ಅಗತ್ಯವೂ ಇಲ್ಲ. ಆದರೆ ಆಗ ಕೈಗೆಟುಕದಿದ್ದ ಕೋಶಕೃಷಿ (ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವುದು), ಕಂಪ್ಯೂಟರ್ ಮಾದರಿಗಳು ಈಗ ಇವೆ. ಅವುಗಳಲ್ಲಿ ಯಾವುದನ್ನು ಪರಿಶೀಲಿಸಿ, ಏಕೆ ಕೈಬಿಟ್ಟಿರಿ ಎಂದು ಕೇಳಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೆಯ ವಿಧಿಯೂ ನಿಮ್ಮ ಬೆಂಬಲಕ್ಕಿದೆ: ಸಣ್ಣ ಪ್ರಾಣಿಗಳಿಂದ ಅದೇ ಫಲಿತಾಂಶ ಸಿಗುವಂತಿದ್ದರೆ ದೊಡ್ಡ ಪ್ರಾಣಿಗಳನ್ನು ಬಳಸಬಾರದು, ಕೇವಲ ಕೈಚಳಕ ಕಲಿಯುವುದಕ್ಕಾಗಿ ಆದಷ್ಟೂ ಪ್ರಯೋಗ ನಡೆಸಬಾರದು ಎಂಬುದು ಅದರ ಆಶಯ. (ನಾಯಿಯ ಬದಲು ಇಲಿ ಎಂದಾಕ್ಷಣ ನೀತಿಯ ಪ್ರಶ್ನೆ ಮುಗಿಯಿತು ಎಂದು ನಾನು ಹೇಳುತ್ತಿಲ್ಲ, ಕಾನೂನು ಎಳೆದಿರುವ ಗೆರೆ ಅಲ್ಲಿದೆ, ಅಷ್ಟೆ.)

ಸಂಖ್ಯೆಯ ವಿಷಯದಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಇಷ್ಟೇ ನಾಯಿಗಳು ಏಕೆ ಎಂಬುದಕ್ಕೆ ಸಂಖ್ಯಾಶಾಸ್ತ್ರದ ಲೆಕ್ಕವನ್ನು ಲಿಖಿತವಾಗಿ ಕೊಡಲು ಹೇಳಿ. ಬೇಕಾದ್ದಕ್ಕಿಂತ ಕಡಿಮೆ ಇದ್ದರೂ ತಪ್ಪೇ. ಫಲಿತಾಂಶವೇ ನಂಬುವಂತಿಲ್ಲದಿದ್ದರೆ ಆ ನಾಯಿಗಳು ಪಟ್ಟ ಪಾಡು ವ್ಯರ್ಥ.

ನೋವಿನ ಭಾಗವನ್ನು ಮಾತ್ರ ಎರಡು ಸಲ ಓದಿ. ‘ಅಗತ್ಯವಿದ್ದಲ್ಲಿ ನೋವುನಿವಾರಕ ನೀಡಲಾಗುವುದು’ ಎಂಬ ವಾಕ್ಯ ಕಂಡರೆ, ಅಗತ್ಯವಿದೆಯೆಂದು ಯಾರು, ಯಾವ ಹೊತ್ತಿನಲ್ಲಿ, ಯಾವ ಅಳತೆಗೋಲಿನಿಂದ ತೀರ್ಮಾನಿಸುತ್ತಾರೆ ಎಂದು ಕೇಳಿ. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ನಾಯಿಗಳ ನೋವಿನ ಮಾಪಕವೊಂದಿದೆ. ನಾಯಿ ನರಳುತ್ತಿದೆಯೇ, ಗಾಯವನ್ನು ನೆಕ್ಕುತ್ತಿದೆಯೇ, ಹೇಗೆ ನಡೆಯುತ್ತದೆ, ಗಾಯದ ಸುತ್ತ ಒತ್ತಿದರೆ ಏನು ಮಾಡುತ್ತದೆ, ಅದರ ವರ್ತನೆ ಮತ್ತು ಮೈಯ ಭಂಗಿ ಹೇಗಿವೆ ಎಂದು ನೋಡಿ ಅಂಕ ಹಾಕುವ ಅದರ ಕಿರುರೂಪದಲ್ಲಿ 24ಕ್ಕೆ 6 ಅಥವಾ ಹೆಚ್ಚು ಬಂದರೆ ನೋವಿನ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕು. ಇಂಥದೊಂದು ಹಾಳೆ ಪ್ರತಿ ನಾಯಿಯ ಕಡತದಲ್ಲಿರಬೇಕೆಂದು ಷರತ್ತು ಹಾಕಿ. ‘ನಾಯಿ ಶಾಂತವಾಗಿದೆ’ ಎಂಬ ಟಿಪ್ಪಣಿಯನ್ನು ನಂಬಬೇಡಿ. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸೆಲಿಗ್‌ಮನ್ ಮತ್ತು ಸಂಗಡಿಗರು ತಪ್ಪಿಸಿಕೊಳ್ಳಲಾಗದಂತೆ ಕಟ್ಟಿದ ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ತಗ್ಗಾದ ತಡೆಯೊಂದನ್ನು ಹಾರಿದರೆ ಸಾಕು ಎಂಬ ಪರಿಸ್ಥಿತಿಯಲ್ಲೂ ಅವುಗಳಲ್ಲಿ ಹಲವು ಹಾರದೆ, ಆಘಾತವನ್ನು ಸಹಿಸುತ್ತಾ ಬಿದ್ದುಕೊಂಡವು. ಆಸೆ ಕಳೆದುಕೊಂಡ ನಾಯಿಯೂ ಶಾಂತವಾಗಿಯೇ ಕಾಣುತ್ತದೆ.

ಇಷ್ಟಾದರೂ ಅರ್ಜಿಯಲ್ಲಿ ಸಿಗದ ಸಂಗತಿಯೊಂದಿದೆ, ನನ್ನ ಎಣಿಕೆಯಲ್ಲಿ ಅದೇ ಮುಖ್ಯವಾದದ್ದು: ಆ ನಾಯಿಯ ದಿನಚರಿ. ಶಸ್ತ್ರಚಿಕಿತ್ಸೆಗೆ ಒಂದು ಗಂಟೆ ಹಿಡಿದೀತು; ಉಳಿದ ತಿಂಗಳುಗಳನ್ನು ನಾಯಿ ಕಳೆಯುವುದು ಗೂಡಿನಲ್ಲಿ. ಪ್ರಾಣಿಗೃಹಕ್ಕೆ ಹೋಗಿ ನೋಡಿ, ಸಾಧ್ಯವಾದರೆ ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ. ನೆಲ ತಂತಿಯ ಬಲೆಯದಾದರೆ ಪಾದವನ್ನು ಎತ್ತಿಸಿ ಬೆರಳುಗಳ ನಡುವೆ ನೋಡಿ. ಅಲ್ಲಿ ಕೆಂಪಗಾಗಿದೆಯೇ, ಬಾತಿದೆಯೇ ಎಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ. ಜತೆಗೆ ಇನ್ನೊಂದು ನಾಯಿ ಇದೆಯೇ, ಒಂದೇ ಕಡೆ ಗಿರಕಿ ಹೊಡೆಯುತ್ತಿದೆಯೇ, ದಿನಕ್ಕೊಮ್ಮೆಯಾದರೂ ಹೊರಗೆ ಓಡಾಡುತ್ತದೆಯೇ, ಭಾನುವಾರ ಊಟ ಹಾಕುವವರು ಯಾರು ಎಂದೆಲ್ಲ ವಿಚಾರಿಸಿ. ಆರೈಕೆ ಮಾಡುವ ಸಿಬ್ಬಂದಿಯನ್ನು ಪಕ್ಕಕ್ಕೆ ಕರೆದು, ಈ ನಾಯಿಗೆ ಏನು ಇಷ್ಟ ಎಂದು ಕೇಳಿ. ಕಡತ ನೋಡದೆ ಉತ್ತರ ಬಂದರೆ ಆ ಪ್ರಾಣಿಗೃಹದ ಬಗ್ಗೆ ಸ್ವಲ್ಪ ಧೈರ್ಯ ತಾಳಬಹುದು.

ನಾಯಿ ನೋಂದಾಯಿತ ಸಾಕಣೆದಾರರಿಂದ ಬಂದಿದೆಯೇ, ಈ ಮೊದಲು ಬೇರೆ ಪ್ರಯೋಗದಲ್ಲಿ ಬಳಕೆಯಾಗಿದೆಯೇ ಎಂಬ ದಾಖಲೆಯನ್ನೂ ತರಿಸಿಕೊಳ್ಳಿ. 1903ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರವಿಜ್ಞಾನಿ ಬೇಲಿಸ್ ವಿದ್ಯಾರ್ಥಿಗಳೆದುರು ಪ್ರಯೋಗಕ್ಕೆ ಬಳಸಿದ ಕಂದು ನಾಯಿಯ ಹೊಟ್ಟೆಯ ಮೇಲೆ ಹಿಂದಿನ ಶಸ್ತ್ರಕ್ರಿಯೆಯ ಗಾಯವಿತ್ತೆಂಬ ಆರೋಪ ಬಂತು. ಮಾನನಷ್ಟ ಮೊಕದ್ದಮೆಯಲ್ಲಿ ಬೇಲಿಸ್ ಗೆದ್ದರೂ ಆ ನಾಯಿಯ ಹೆಸರಿನಲ್ಲಿ ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಪ್ರತಿಮೆ ನಿಂತಿತು; 1907ರಲ್ಲಿ ವೈದ್ಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಗಲಭೆಯಾಯಿತು.

ಕೊನೆಯದಾಗಿ, ಪ್ರಯೋಗ ಮುಗಿದ ಮೇಲೆ ಏನು? ಪುನರ್ವಸತಿಯ ವೆಚ್ಚವೂ ಸಂಶೋಧನೆಯ ವೆಚ್ಚದಲ್ಲೇ ಸೇರಿರಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಬಜೆಟ್ಟಿನ ಪುಟ ತಿರುವಿ, ಆ ಬಾಬ್ತಿಗೆ ಹಣ ಇಟ್ಟಿದ್ದಾರೆಯೇ ನೋಡಿ. ಬೆಂಗಳೂರಿನ ಪ್ರಾಣಿದಯಾ ಸಂಸ್ಥೆ ಕುಪಾ ಪ್ರಯೋಗಾಲಯಗಳಿಂದ ಬಂದ ಬೀಗಲ್‌ಗಳಿಗೆ ಮನೆ ಹುಡುಕಿಕೊಟ್ಟಿದೆ. ಹುಲ್ಲಿನ ಮೇಲೆ ಕಾಲಿಡಲು, ಮೆಟ್ಟಿಲು ಹತ್ತಲು ಹೆದರುವ ನಾಯಿಯನ್ನು ಪಳಗಿಸಲು ಸಮಯವೂ ದುಡ್ಡೂ ಬೇಕು, ಆದ್ದರಿಂದ ಒಯ್ಯುವ ಸಂಸ್ಥೆಯ ಒಪ್ಪಿಗೆಪತ್ರ ಅರ್ಜಿಯ ಜತೆಗೇ ಇರಲಿ. ದಯಾಮರಣವೇ ದಾರಿ ಎಂದಿದ್ದರೆ, ಅದು ಸಂಶೋಧನೆಗೆ ಅನಿವಾರ್ಯವೋ ಅಥವಾ ನಾಯಿಯನ್ನು ಇರಿಸಿಕೊಳ್ಳಲು ಜಾಗವಿಲ್ಲವೆಂದೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ನಿಮ್ಮ ಆಕ್ಷೇಪಕ್ಕೆ ತೃಪ್ತಿಕರ ಉತ್ತರ ಬಾರದಿದ್ದರೆ ಭಿನ್ನಮತವನ್ನು ನಿಮ್ಮ ಮಾತುಗಳಲ್ಲೇ ನಡವಳಿ ಪುಸ್ತಕದಲ್ಲಿ ಬರೆಸಿ, ಸಹಿಗೆ ಮುನ್ನ ಅದನ್ನು ಹಾಗೆಯೇ ದಾಖಲಿಸಿದ್ದಾರೆಯೇ ಎಂದು ಓದಿ ನೋಡಿ.