ಮಳೆಗಾಲದ ಟಿವಿ: ಹಳೆಯ ಪ್ಲೇಸ್ಟೇಷನ್‌ಗೆ ನಾನು ಕೊಟ್ಟ ಕೆಲಸ

ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಗಳಲ್ಲಿ ಜೂನ್ ಹಿಡಿಯಿತೆಂದರೆ ಟಿವಿ ಅರ್ಧ ದಿನ ಸುಮ್ಮನೆ ಗೋಡೆ ಕಾಯುತ್ತಿರುತ್ತದೆ. ಡಿಶ್‌ಗೆ ಬರುವ ತರಂಗಗಳು ಸುಮಾರು 11ರಿಂದ 12 ಗಿಗಾಹರ್ಟ್ಸ್‌ನವು. ಜೋರು ಮಳೆ ಅವನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಬಯಲುಸೀಮೆಯಲ್ಲಿ ಹತ್ತು ನಿಮಿಷದ ತೊಂದರೆ ಅದು. ನಮ್ಮಲ್ಲಿ ಸಂಜೆಯಿಡೀ ಅದೇ ಪಾಡು. ಇಂಟರ್‌ನೆಟ್‌ನ ಗತಿಯೂ ಬೇರೆಯಲ್ಲ. ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ, ಮಳೆ ಬಿಡುವು ಕೊಟ್ಟು ಯಾರಾದರೂ ಹತ್ತಿ ಸರಿಪಡಿಸುವ ತನಕ ಮೊಬೈಲ್ ಹಿಡಿದು ಅಂಗಳದ ಮೂಲೆಯಲ್ಲಿ ಸಿಗ್ನಲ್ ಹುಡುಕುವುದೇ ಕೆಲಸ.

ಹೊರಗಿನಿಂದ ಏನೂ ಬರದಿದ್ದರೂ ಮನೆಯೊಳಗಿನ ಜಾಲ ನಡೆಯುತ್ತಲೇ ಇರುತ್ತದೆ. ರೂಟರ್ ಎಂದರೆ ಇಂಟರ್‌ನೆಟ್ ಎಂದುಕೊಂಡವರೇ ಹೆಚ್ಚು. ಆದರೆ ಒಂದು ಕೋಣೆಯ ಕಂಪ್ಯೂಟರಿನಿಂದ ಇನ್ನೊಂದು ಕೋಣೆಯ ಟಿವಿಗೆ ಸಿನಿಮಾ ಕಳಿಸಲು ಇಂಟರ್‌ನೆಟ್‌ನ ಹಂಗೇ ಬೇಕಿಲ್ಲ. ಬೇಕಾದದ್ದು ಟಿವಿಯ ಬಳಿ ಆ ಫೈಲನ್ನು ಹಿಡಿದು ತೋರಿಸುವ ಒಂದು ಪೆಟ್ಟಿಗೆ. ಅದು ನಮ್ಮ ಕಪಾಟಿನಲ್ಲೇ ಇತ್ತು: ತಮ್ಮನ ಮಗ ಓದಲು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಪ್ಲೇಸ್ಟೇಷನ್ 3 (ಪಿಎಸ್3) ಎಂಬ ವಿಡಿಯೊ ಗೇಮ್ ಕನ್ಸೋಲ್, ತೆಳು ಮಾದರಿಯದು.

ಈ ಯಂತ್ರ ಮೊದಲು ಮಾರುಕಟ್ಟೆಗೆ ಬಂದದ್ದು 2006ರಲ್ಲಿ, ತೆಳು ಮಾದರಿ 2009ರಲ್ಲಿ. ಅದರ ಮೆಮೊರಿ 256 ಎಂಬಿ, ಚಿತ್ರಕ್ಕೆಂದು ಇನ್ನೊಂದು 256. ಇಂದಿನ ಸಾಧಾರಣ ಫೋನಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೂ 2007ರ ಒಂದು ಅಪ್‌ಡೇಟ್‌ನಲ್ಲಿ ಅದಕ್ಕೆ ಡಿಎಲ್‌ಎನ್‌ಎ ಎಂಬ ವ್ಯವಸ್ಥೆಯನ್ನು ಓದುವ ಶಕ್ತಿ ಬಂತು. ಮನೆಯ ಜಾಲದಲ್ಲಿ ‘ನನ್ನ ಬಳಿ ವಿಡಿಯೊ ಇದೆ’ ಎಂದು ಸಾರುವ ಕಂಪ್ಯೂಟರನ್ನು ಗುರುತಿಸಿ, ಅದರಿಂದ ಪಡೆದು ತೋರಿಸುವ ಒಪ್ಪಂದ ಅದು. ಇದಕ್ಕೆ ಖಾತೆ ತೆರೆಯಬೇಕಿಲ್ಲ, ಚಂದಾ ಇಲ್ಲ, ಲಾಗಿನ್ ಇಲ್ಲ. ಹೊಸ ಟಿವಿ ಪೆಟ್ಟಿಗೆಗಳು ಇಂಟರ್‌ನೆಟ್ ಇಲ್ಲವೆಂದರೆ ಮುಖಪುಟದಲ್ಲೇ ಮುನಿಸಿಕೊಂಡು ಕೂರುತ್ತವೆ. ಹಳೆಯ ಯಂತ್ರಕ್ಕೆ ಆ ಚಾಳಿ ಇಲ್ಲ.

ಇನ್ನೊಂದು ತುದಿಗೆ ಸರ್ವರ್, ಅಂದರೆ ವಿಡಿಯೊ ಕಳಿಸುವ ಕಂಪ್ಯೂಟರ್ ಬೇಕು. ಕಣದ ಪಕ್ಕದ ಕಟ್ಟಡದಲ್ಲಿ ತೋಟದ ಲೆಕ್ಕ ಬರೆಯುವ ಕೋಣೆಯಿದೆ. ಅಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಮಿನಿಡಿಎಲ್‌ಎನ್‌ಎ ಎಂಬ ಚಿಕ್ಕ ತಂತ್ರಾಂಶವನ್ನು ಕೂರಿಸಿದೆ. ಯಾವ ಫೋಲ್ಡರಿನಲ್ಲಿ ವಿಡಿಯೊ ಇದೆ, ಸರ್ವರಿನ ಹೆಸರೇನು ಎಂದು ಎರಡು ಸಾಲು ಬರೆದರೆ ಅದು ತನ್ನ ಪಾಡಿಗೆ ನಡೆಯುತ್ತದೆ. ವಿಂಡೋಸ್ ಇರುವವರು ಯುನಿವರ್ಸಲ್ ಮೀಡಿಯಾ ಸರ್ವರ್ ಬಳಸಬಹುದು. ಅದು ಪಿಎಸ್3 ಮೀಡಿಯಾ ಸರ್ವರ್ ಎಂಬ ಹಳೆಯ ತಂತ್ರಾಂಶದ ಮುಂದುವರಿಕೆಯಾದ್ದರಿಂದ ಈ ಯಂತ್ರದ ಗುಣದೋಷಗಳೆಲ್ಲ ಅದಕ್ಕೆ ಗೊತ್ತು. ಕನ್ಸೋಲ್ ಓದಲಾರದ ಫೈಲನ್ನು ಆಡಿಸುತ್ತಲೇ ಮಾರ್ಪಡಿಸಿ ಕಳಿಸುತ್ತದೆ, ಸಬ್‌ಟೈಟಲ್ಲನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಕೊಡುತ್ತದೆ. ಹಾಗಿದ್ದೂ ನಾನು ಮಿನಿಡಿಎಲ್‌ಎನ್‌ಎಯನ್ನೇ ಆರಿಸಿಕೊಂಡೆ. ಆಡಿಸುತ್ತಲೇ ಮಾರ್ಪಡಿಸುವ ಕೆಲಸಕ್ಕೆ ಪ್ರಾಸೆಸರ್ ಗಟ್ಟಿಯಿರಬೇಕು, ಕರೆಂಟೂ ಹೆಚ್ಚು ಬೇಕು. ಇನ್ವರ್ಟರಿನ ಮೇಲೆ ಬದುಕುವ ಮನೆಯಲ್ಲಿ ಫೈಲನ್ನು ಒಮ್ಮೆ ಸರಿಮಾಡಿಟ್ಟು, ಆಮೇಲೆ ಬೇಕಾದಷ್ಟು ಸಲ ನೋಡುವುದೇ ಲೇಸು.

ಫೈಲು ಸರಿಮಾಡುವುದೇ ಈ ಇಡೀ ವ್ಯವಹಾರದ ತಿರುಳು. ‘ನನ್ನ ಪಿಎಸ್3 ಏನನ್ನೂ ಆಡಿಸುವುದಿಲ್ಲ’ ಎನ್ನುವವರಲ್ಲಿ ಬಹುಪಾಲು ಜನ ಇಲ್ಲಿಯೇ ಸಿಕ್ಕಿಕೊಂಡಿರುತ್ತಾರೆ. ವಿಡಿಯೊ ಫೈಲಿನಲ್ಲಿ ಎರಡು ಸಂಗತಿಗಳಿವೆ: ಒಳಗಿನ ಸರಕು ಮತ್ತು ಅದನ್ನು ತುಂಬಿದ ಚೀಲ. ಎಂಕೆವಿ ಎಂಬ ಚೀಲವನ್ನು ಪ್ಲೇಸ್ಟೇಷನ್ 3 ಬಿಚ್ಚುವುದೇ ಇಲ್ಲ, ಒಳಗಿರುವುದು ತನಗೆ ಒಗ್ಗುವ ಎಚ್.264 ಎಂಬ ವಿಡಿಯೊ ಮಾದರಿಯೇ ಆಗಿದ್ದರೂ ಸರಿಯೇ. ಹಾಗಿದ್ದಲ್ಲಿ ಸರಕನ್ನು ಮುಟ್ಟದೆ ಚೀಲವನ್ನಷ್ಟೇ ಬದಲಿಸಿ ಎಂಪಿ4 ಮಾಡಿದರಾಯಿತು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಎರಡು ಗಂಟೆಯ ಚಿತ್ರಕ್ಕೂ ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ, ಚಿತ್ರದ ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ.

ಒಳಗಿನ ಸರಕೇ ಬೇರೆಯಾಗಿದ್ದರೆ ಸುಲಭವಿಲ್ಲ. ಎಚ್.265 ಅಥವಾ ಎಚ್‌ಇವಿಸಿ ಎಂಬ ಮಾದರಿ ಸಿದ್ಧವಾದದ್ದು 2013ರಲ್ಲಿ, ಈ ಯಂತ್ರ ಹುಟ್ಟಿ ಏಳು ವರ್ಷಗಳ ಮೇಲೆ. ಅದನ್ನು ಓದುವ ಪ್ರಶ್ನೆಯೇ ಇಲ್ಲ. ಇಂದಿನ ಅನೇಕ ಫೋನುಗಳು ವಿಡಿಯೊ ತೆಗೆಯುವುದು ಇದೇ ಮಾದರಿಯಲ್ಲಿ. ನಮ್ಮ ಮನೆಯಲ್ಲಿ ಪುತ್ತರಿ ಎಂಬ ಸುಗ್ಗಿ ಹಬ್ಬದ ದಿನ ಕದಿರು ತೆಗೆಯುವುದನ್ನು ಮಕ್ಕಳು ನಾಲ್ಕು ಫೋನಿನಲ್ಲಿ ತೆಗೆಯುತ್ತಾರೆ, ನಾಲ್ಕೂ 4ಕೆ. ಅವನ್ನೆಲ್ಲ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶಕ್ಕೆ ಹಾಕಿ ಎಚ್.264, 1080ಪಿ, ಸೆಕೆಂಡಿಗೆ 30 ಚೌಕಟ್ಟು ಎಂದು ನಿಗದಿಮಾಡಿ ರಾತ್ರಿ ಬಿಟ್ಟು ಮಲಗುತ್ತೇನೆ. ಲೆವೆಲ್ ಎಂಬಲ್ಲಿ 4.1 ಎಂದಿರಬೇಕು, ಅದಕ್ಕಿಂತ ಮೇಲಿನದನ್ನು ಈ ಯಂತ್ರ ತಾಳುವುದಿಲ್ಲ. 1080ಪಿಯನ್ನು ಸೆಕೆಂಡಿಗೆ 60 ಚೌಕಟ್ಟಿನಲ್ಲಿ ತೆಗೆದರೆ ಲೆವೆಲ್ 4.2 ಆಗಿಬಿಡುತ್ತದೆ. ಒಂದೇ ಫೋನಿನ ಒಂದು ವಿಡಿಯೊ ಆಡುತ್ತದೆ, ಇನ್ನೊಂದು ಆಡುವುದಿಲ್ಲ ಎಂಬ ವಿಚಿತ್ರಕ್ಕೆ ಅನೇಕ ಸಲ ಕಾರಣ ಇದೇ.

ಧ್ವನಿಯ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ನಮ್ಮ ಊರಿನಲ್ಲಿ ಅದೇ ದೊಡ್ಡ ಸಮಸ್ಯೆ. ಶೀಟಿನ ಮೇಲೆ ಆಷಾಢದ ಮಳೆ ಬೀಳುವಾಗ ಸಿನಿಮಾದ ಪಿಸುಮಾತು ಕೇಳಿಸುವುದೆಂದರೇನು? ಐದು ಸ್ಪೀಕರುಗಳಿಗೆಂದು ಮಾಡಿದ ಧ್ವನಿಪಥದಲ್ಲಿ ಮಾತು ನಡುವಿನ ಸ್ಪೀಕರಿನಲ್ಲಿರುತ್ತದೆ. ಟಿವಿಯ ಎರಡು ಚಿಕ್ಕ ಸ್ಪೀಕರಿಗೆ ಅದನ್ನು ಹಿಂಡಿದಾಗ ಮಾತು ಮುಳುಗಿ ಹೋಗುತ್ತದೆ. ಹಾಗಾಗಿ ಮಾರ್ಪಡಿಸುವಾಗಲೇ ನಡುವಿನ ಧ್ವನಿಯನ್ನು ಏರಿಸಿ, ಏರಿಳಿತವನ್ನು ತಗ್ಗಿಸಿ, ಎಎಸಿ ಎಂಬ ಧ್ವನಿ ಮಾದರಿಯಲ್ಲಿ ಸ್ಟೀರಿಯೊ ಮಾಡಿಡುತ್ತೇನೆ. ಸಂಗೀತಪ್ರಿಯರು ಮೂಗು ಮುರಿಯಬಹುದು. ಅವರು ಜುಲೈನಲ್ಲಿ ಒಮ್ಮೆ ಬಂದು ಕೇಳಲಿ.

ಹಳೆಯ ವಿಡಿಯೊಗಳಲ್ಲಿ ಈ ಯಂತ್ರ ನಿಜಕ್ಕೂ ಗೆದ್ದಿತು. ಕೊಡಗಿನ ಮನೆಗಳಲ್ಲಿ ಮದುವೆಯ ಡಿವಿಡಿ ಇಲ್ಲದ ಕಪಾಟು ಸಿಗುವುದು ಕಷ್ಟ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದ ಪಂದ್ಯಗಳನ್ನು ಕ್ಯಾಮ್‌ಕಾರ್ಡರಿನಲ್ಲಿ ಹಿಡಿದಿಟ್ಟವರೂ ಉಂಟು. ನಮ್ಮ ತೇವದ ಹವೆ ಅವುಗಳ ಶತ್ರು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ಮನೆಯಲ್ಲಿ ಬರೆದ ಡಿಸ್ಕುಗಳು ಮಬ್ಬಾಗುತ್ತವೆ. ಡಿವಿಡಿಯೊಳಗಿರುವುದು ಎಂಪೆಗ್-2. ಅದನ್ನು ಪ್ಲೇಸ್ಟೇಷನ್ 3 ನೇರವಾಗಿ ಓದುತ್ತದೆ, ದೊಡ್ಡ ಪರದೆಗೆ ಹಿಗ್ಗಿಸುವಾಗಲೂ ಮುಖಗಳನ್ನು ತೀರಾ ಕೆಡಿಸುವುದಿಲ್ಲ. ಬಂಧುಗಳಿಂದ ಡಿಸ್ಕುಗಳನ್ನು ಇಸಿದುಕೊಂಡು ಲ್ಯಾಪ್‌ಟಾಪಿಗೆ ಇಳಿಸಿ, ಮನೆತನದ ಹೆಸರು ಮತ್ತು ವರ್ಷ ಹಾಕಿ ಫೋಲ್ಡರ್ ಮಾಡಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಸೇರಿದವರೆಲ್ಲ ಈಗ ಮೊದಲು ತೆರೆಯುವುದು ಆ ಫೋಲ್ಡರನ್ನೇ. ಸಿನಿಮಾ ಆಮೇಲೆ.

‘ಇಷ್ಟಕ್ಕೆಲ್ಲ ಪೆನ್‌ಡ್ರೈವ್ ಸಾಲದೇ?’ ಎಂದು ಭಾವ ಕೇಳಿದರು. ಸಣ್ಣ ಫೈಲಿಗೆ ಸಾಕು. ಆದರೆ ಈ ಕನ್ಸೋಲ್ ಓದುವ ಪೆನ್‌ಡ್ರೈವ್ ಫ್ಯಾಟ್32 ಮಾದರಿಯದು, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಜಾಲದ ಮೂಲಕ ಕಳಿಸಿದರೆ ಈ ಮಿತಿ ಅಡ್ಡ ಬರುವುದಿಲ್ಲ.

ಆ ಜಾಲ ತಂತಿಯದ್ದೇ ಆಗಿರಬೇಕು ಎಂಬುದು ನನ್ನ ಹಟ. ಈ ಯಂತ್ರದ ವೈಫೈ ಹಳೆಯ ‘ಜಿ’ ಮಾದರಿಯದು. ಕಾಗದದ ಮೇಲೆ ಸೆಕೆಂಡಿಗೆ 54 ಮೆಗಾಬಿಟ್, ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಹಳೆಯ ಮನೆಯ ದಪ್ಪ ಮಣ್ಣಿನ ಗೋಡೆ ದಾಟಿದರೆ ಅದೂ ಉಳಿಯುವುದಿಲ್ಲ. ಯಂತ್ರದ ಹಿಂದಿರುವ ಎತರ್ನೆಟ್ ಕಿಂಡಿಯಾದರೋ ಗಿಗಾಬಿಟ್ ವೇಗದ್ದು. ಬೆನ್ನಿಗೆ ಒಂದು ಕೇಬಲ್ ಚುಚ್ಚಿದರೆ ಚಿತ್ರ ತಡವರಿಸುವುದು ನಿಂತೇ ಹೋಗುತ್ತದೆ.

ನನ್ನ ಸರ್ವರ್ ಬೇರೆ ಕಟ್ಟಡದಲ್ಲಿರುವುದರಿಂದ ನಡುವೆ ಅಂಗಳ ದಾಟಬೇಕಿತ್ತು. ತಾಮ್ರದ ಕೇಬಲ್ ನೂರು ಮೀಟರ್ ತನಕ ಓಡುತ್ತದೆ, ದೂರದ ಚಿಂತೆಯಿರಲಿಲ್ಲ, ಚಿಂತೆ ಸಿಡಿಲಿನದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕೊಡಗಿನಲ್ಲಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ, ಹತ್ತಿರದಲ್ಲಿ ಎಲ್ಲಿ ಸಿಡಿಲು ಬಡಿದರೂ ಅದರ ಏಟು ತಂತಿ ಹಿಡಿದು ಎರಡೂ ತುದಿಯ ಯಂತ್ರಗಳಿಗೆ ಬರಬಹುದು. ಹಾಗಾಗಿ ಅಂಗಳಕ್ಕೆ ಫೈಬರ್ ಹಾಕಿಸಿದೆ. ಎರಡು ತುದಿಗೆ ತಾಮ್ರ ಮತ್ತು ಫೈಬರನ್ನು ಬೆಸೆಯುವ ಒಂದೊಂದು ಮೀಡಿಯಾ ಕನ್ವರ್ಟರ್ ಪೆಟ್ಟಿಗೆ, ನಡುವೆ ಗಾಜಿನ ಎಳೆ. ಮನೆಗಳಿಗೆ ಇಂಟರ್‌ನೆಟ್ ಎಳೆಯುವ ಹುಡುಗರ ಬಳಿಯೇ ಇವೆಲ್ಲ ಇರುತ್ತವೆ, ಜೋಡಿಸುವ ಯಂತ್ರವೂ ಅವರದೇ. ಒಂದು ಮಾತ್ರ ಕೇಳಿ ನೋಡಿಕೊಳ್ಳಬೇಕು: ಆ ಚಪ್ಪಟೆ ಕಪ್ಪು ಕೇಬಲಿನಲ್ಲಿ ಬಲಕ್ಕೆಂದು ಇಕ್ಕೆಲದಲ್ಲಿ ಉಕ್ಕಿನ ತಂತಿ ಇರುವ ಬಗೆಯೂ ಇದೆ, ಅದರ ಬದಲು ನಾರುಗಾಜಿನ ಕಡ್ಡಿ ಇರುವ ಎಫ್‌ಆರ್‌ಪಿ ಬಗೆಯೂ ಇದೆ. ಉಕ್ಕಿನದನ್ನು ಹಾಕಿಸಿದರೆ ಗಾಜು ಎಳೆದ ಉದ್ದೇಶವೇ ಕೆಟ್ಟಂತೆ. ಕೇಬಲನ್ನು ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ಹಾಯಿಸಿ, ಪೈಪಿನ ಬಾಯಿಗೆ ಉಕ್ಕಿನ ಜಾಲರಿ ತುರುಕಿದೆವು.

ಎಲ್ಲ ಸರಿಯಿದ್ದೂ ಕನ್ಸೋಲಿಗೆ ಸರ್ವರ್ ಕಾಣದಿದ್ದರೆ ಏನು ನೋಡಬೇಕು? ಸರ್ವರ್ ತನ್ನ ಇರವನ್ನು 239.255.255.250 ಎಂಬ ವಿಳಾಸಕ್ಕೆ ಸಾರುತ್ತದೆ. ಕೆಲವು ರೂಟರುಗಳು ವೈಫೈ ಮತ್ತು ತಂತಿಯ ನಡುವೆ ಈ ಸಾರುವಿಕೆಯನ್ನು ತಡೆಯುತ್ತವೆ. ರೂಟರಿನ ಸೆಟ್ಟಿಂಗಿನಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬುದನ್ನು ಆಫ್ ಮಾಡಿ ನೋಡಿ. ಸರ್ವರಿನಲ್ಲಿ ವಿಂಡೋಸ್ ಇದ್ದರೆ ಮನೆಯ ಜಾಲವನ್ನು ‘ಖಾಸಗಿ’ ಎಂದು ಗುರುತಿಸಿ. ‘ಸಾರ್ವಜನಿಕ’ ಎಂದಿದ್ದರೆ ಫೈರ್‌ವಾಲ್ ಬಾಯಿ ಮುಚ್ಚಿಸುತ್ತದೆ. ಇವೆರಡರ ಮೇಲೆ ಕನ್ಸೋಲಿನ ವಿಡಿಯೊ ವಿಭಾಗದಲ್ಲಿ ಮೀಡಿಯಾ ಸರ್ವರ್ ಹುಡುಕುವ ಆಯ್ಕೆಯನ್ನು ಒತ್ತಿದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ.

ಹೋಂಸ್ಟೇ ನಡೆಸುವವರು ಇದೊಂದನ್ನು ಗಮನಿಸಬೇಕು. ಡಿಎಲ್‌ಎನ್‌ಎಗೆ ಪಾಸ್‌ವರ್ಡ್ ಎಂಬುದಿಲ್ಲ. ಜಾಲಕ್ಕೆ ಸೇರಿದ ಯಾವ ಫೋನಿಗೂ ನಿಮ್ಮ ಮನೆಯ ಮದುವೆ, ನಾಮಕರಣ, ತಿಥಿಯ ವಿಡಿಯೊಗಳೆಲ್ಲ ತೆರೆದೇ ಇರುತ್ತವೆ. ನಮ್ಮಲ್ಲಿ ಅತಿಥಿಗಳಿಗೆ ಒಂದೇ ಕೋಣೆ, ಆದರೂ ರೂಟರಿನಲ್ಲಿ ಅತಿಥಿ ಜಾಲವೆಂದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿಟ್ಟಿದ್ದೇನೆ.

ಕರೆಂಟಿನ ಲೆಕ್ಕ ಹೀಗೆ. ತೆಳು ಮಾದರಿಯ ಪ್ಲೇಸ್ಟೇಷನ್ 3 ವಿಡಿಯೊ ಆಡಿಸುವಾಗ ಸುಮಾರು 80 ವ್ಯಾಟ್ ತೆಗೆದುಕೊಳ್ಳುತ್ತದೆ. ಟಿವಿ, ಲ್ಯಾಪ್‌ಟಾಪ್, ರೂಟರ್, ಕನ್ವರ್ಟರ್ ಎಲ್ಲ ಕೂಡಿದರೆ 200ರ ಆಸುಪಾಸು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದ್ದರೂ, ಬ್ಯಾಟರಿ ಹಾಳಾಗದಂತೆ ಬಳಸಬಹುದಾದದ್ದು ಅರ್ಧದಷ್ಟು. ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ, ಒಂದು ಸಿನಿಮಾ ಮುಗಿದು ಊಟಕ್ಕೆ ದೀಪವೂ ಉಳಿಯುತ್ತದೆ. ಮೊದಲ ತಲೆಮಾರಿನ ದಪ್ಪ ಮಾದರಿಯಾದರೆ ಈ ಕೆಲಸಕ್ಕೆ ಬೇಡ. ಸುಮ್ಮನಿದ್ದಾಗಲೇ 150 ವ್ಯಾಟ್ ದಾಟುತ್ತದೆ. ಇನ್ವರ್ಟರ್ ಸೈನ್ ವೇವ್ ಬಗೆಯದಿರಲಿ, ಅದರ ಹಿಂದಿನ ಗುಂಡಿ ಯುಪಿಎಸ್ ಕಡೆಗಿರಲಿ. ಇಲ್ಲದಿದ್ದರೆ ಕರೆಂಟು ಹೋದಾಗ ಕನ್ಸೋಲ್ ಆರಿ ಹತ್ತುತ್ತದೆ. ಸರ್ವರಾಗಿ ಲ್ಯಾಪ್‌ಟಾಪನ್ನೇ ಇಟ್ಟದ್ದು ಇದೇ ಕಾರಣಕ್ಕೆ, ಅದರ ಬ್ಯಾಟರಿ ಅದರ ಹೊಟ್ಟೆಯಲ್ಲೇ ಇದೆ.

ಅವ್ವನಿಗೆ ಆಟದ ಕಂಟ್ರೋಲರ್ ಹಿಡಿಯುವುದು ಒಗ್ಗಲಿಲ್ಲ, ಒಗ್ಗಬೇಕಾಗಿಯೂ ಇಲ್ಲ. ತೆಳು ಮಾದರಿಯಲ್ಲಿ ಎಚ್‌ಡಿಎಂಐ ನಿಯಂತ್ರಣ ಎಂಬ ಆಯ್ಕೆಯಿದೆ. ಅದನ್ನು ಕನ್ಸೋಲಿನಲ್ಲೂ ಟಿವಿಯಲ್ಲೂ ಆನ್ ಮಾಡಿದರೆ ಟಿವಿಯ ರಿಮೋಟಿನ ಬಾಣದ ಗುಂಡಿಗಳೇ ಸಾಕು. ಈಗ ಮಳೆ ಬಿರುಸಾದ ಕೂಡಲೇ ಅವ್ವ ತಾನೇ ಡಿಶ್ ಬಿಟ್ಟು ಇದಕ್ಕೆ ಬದಲಿಸಿಕೊಳ್ಳುತ್ತಾರೆ. ತಮ್ಮನ ಮಗ ರಜೆಗೆ ಬಂದವನು ನೋಡಿ, ‘ದೊಡ್ಡಪ್ಪ, ಇದರಲ್ಲಿ ಆಟವೂ ಆಡಬಹುದು, ಮರೆಯಬೇಡಿ’ ಎಂದು ನಗುತ್ತಾನೆ.

ಬೇರೆ ಕನ್ಸೋಲ್ ಇದ್ದವರಿಗೆ ಎರಡು ಮಾತು. ಪ್ಲೇಸ್ಟೇಷನ್ 4ಕ್ಕೆ 2015ರಲ್ಲಿ ಮೀಡಿಯಾ ಪ್ಲೇಯರ್ ಬಂತು, ಅದು ಎಂಕೆವಿಯನ್ನೂ ಓದುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಆ ಸೌಲಭ್ಯವನ್ನು ಬಿಟ್ಟಿದ್ದಾರೆ, ಪ್ಲೆಕ್ಸ್ ಎಂಬ ಬೇರೆ ತಂತ್ರಾಂಶದ ಮೂಲಕ ಸುತ್ತು ಹಾಕಿ ಬರಬೇಕು. ಎಕ್ಸ್‌ಬಾಕ್ಸ್ ಒನ್ ಮತ್ತು ಅದರ ನಂತರದವುಗಳಲ್ಲಿ ವಿಎಲ್‌ಸಿ, ಕೋಡಿ ಎಂಬ ವಿಡಿಯೊ ಆಡಿಸುವ ತಂತ್ರಾಂಶಗಳೆರಡೂ ಸಿಗುತ್ತವೆ. ಕೋಡಿ ಹುಟ್ಟಿದ್ದೇ ಮೊದಲ ಎಕ್ಸ್‌ಬಾಕ್ಸಿಗಾಗಿ, ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂಬ ಹೆಸರಿನಲ್ಲಿ. ಮನೆಯಲ್ಲಿ ಇವಾವುವೂ ಇಲ್ಲದಿದ್ದರೆ ಬರಿಯ ವಿಡಿಯೊ ನೋಡಲೆಂದು ಹೊಸ ಕನ್ಸೋಲ್ ಕೊಳ್ಳುವುದು ದುಡ್ಡು ಸುರಿಯುವ ಮಾತು. ಐದಾರು ವ್ಯಾಟಿನಲ್ಲಿ ನಡೆಯುವ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅದೇ ಕೆಲಸ ಮಾಡುತ್ತದೆ.

ಯಾರಾದರೂ ಬಳಸಿದ ಪ್ಲೇಸ್ಟೇಷನ್ 3 ಅಗ್ಗಕ್ಕೆ ಕೊಡುತ್ತೇನೆಂದರೆ, ಫ್ಯಾಟ್32 ಪೆನ್‌ಡ್ರೈವಿನಲ್ಲಿ 1080ಪಿಯ ಒಂದು ಎಂಪಿ4 ಫೈಲು ಹಾಕಿಕೊಂಡು ಹೋಗಿ. ಅರ್ಧ ಗಂಟೆ ಆಡಿಸಿ, ಫ್ಯಾನಿನ ಸದ್ದು ಏರುತ್ತಾ ಹೋಗುತ್ತದೆಯೇ ಕೇಳಿ. ಏರಿದರೆ ಒಳಗೆ ದೂಳು ಕಟ್ಟಿದೆ ಅಥವಾ ಪ್ರಾಸೆಸರ್ ಮೇಲಿನ ಪೇಸ್ಟ್ ಒಣಗಿದೆ ಎಂದು ಅರ್ಥ. ಬಿಚ್ಚಿಸಿ ಸರಿಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡು ಮಾತಾಡಿ. ಹೊರಡುವ ಮುನ್ನ ಬೆನ್ನಿನ ಎತರ್ನೆಟ್ ಕಿಂಡಿಗೆ ಕೇಬಲ್ ಹಾಕಿ, ಜಾಲದ ಪರೀಕ್ಷೆ ನಡೆಸಿ, ಐಪಿ ವಿಳಾಸ ಸಿಗುತ್ತದೆಯೇ ನೋಡಿಕೊಳ್ಳಿ.