ನಿಮ್ಮೂರ ಶುಂಠಿ ಸೋಡಾ ಯಾವ ಕಾಲದ್ದು? ಪತ್ತೆ ಹಚ್ಚುವುದು ಹೀಗೆ

ಕೊಪ್ಪಳದ ಹುಡುಗನೊಬ್ಬ ತಮ್ಮ ಮನೆತನದ ಸೋಡಾ ಕಾರ್ಖಾನೆಯ ಕಥೆ ಬರೆದು ತಂದಿದ್ದ. ಮೊದಲ ಸಾಲಿನಲ್ಲೇ ‘ಸ್ಥಾಪನೆ: 1872’. ಮೊಬೈಲಿನಲ್ಲಿ ಗೋಲಿ ಬಾಟ್ಲಿಯ ವರ್ಷ ನೋಡಿದ್ದನಂತೆ. ಅದು ಲಂಡನ್ನಿನ ಹೈರಮ್ ಕಾಡ್ ಆ ಬಾಟ್ಲಿಗೆ ಪೇಟೆಂಟ್ ಪಡೆದ ವರ್ಷ. ಹುಡುಗನ ಮುತ್ತಾತ ಆಗಿನ್ನೂ ಹುಟ್ಟಿರಲಿಲ್ಲ. ಇಂಥ ಎಡವಟ್ಟು ಬಳ್ಳಾರಿ, ರಾಯಚೂರಲ್ಲೂ ಸಾಕಷ್ಟು ನೋಡಿದ್ದೇನೆ.

ಹಂತ 1: ಬಾಟ್ಲಿ ಸಂಪಾದಿಸಿ. ಗುಜರಿ ಅಂಗಡಿ, ಹಳೇ ಮನೆಯ ಅಟ್ಟ, ಸೋಡಾ ಗಾಡಿ. ಆನ್‌ಲೈನಿನಲ್ಲಿ ‘ಆಂಟಿಕ್’ ಎಂದು ಮಾರುವುದನ್ನು ಮಾತ್ರ ಕೊಳ್ಳಬೇಡಿ. ಗೋಲಿ ಬಾಟ್ಲಿಯನ್ನು ಈಗಲೂ ಹೊಸದಾಗಿ ಮಾಡುತ್ತಾರೆ.

ಹಂತ 2: ತೊಳೆಯಿರಿ, ತಿಕ್ಕಬೇಡಿ. ಅಂಟುವಾಳದ ನೀರಲ್ಲಿ ರಾತ್ರಿ ನೆನೆಹಾಕಿದರೆ ಸಾಕು. ಕಾಗದದ ಚೀಟಿ ಅಂಟಿದ್ದರೆ ನೀರೇ ತಾಗಿಸಬೇಡಿ, ಫೋಟೋ ತೆಗೆದಿಡಿ.

ಹಂತ 3: ಓದಿ. ಜನ ಮುಗ್ಗರಿಸುವುದು ಇಲ್ಲೇ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸವೆದ ಉಬ್ಬಕ್ಷರವೂ ಏಳುತ್ತದೆ. ತೆಳು ಕಾಗದ ಸುತ್ತಿ ಪೆನ್ಸಿಲ್ ಆಡಿಸಿ ಅಚ್ಚು ತೆಗೆದುಕೊಳ್ಳಿ. ಹೊಟ್ಟೆಯ ಮೇಲಿನ ಹೆಸರು ಸಾಮಾನ್ಯವಾಗಿ ಸೋಡಾದವರದು, ತಳದ ಹತ್ತಿರದ್ದು ಗಾಜಿನವರದು. ‘ಡ್ಯಾನ್ ರೈಲ್ಯಾಂಡ್ಸ್, ಬಾರ್ನ್ಸ್ಲಿ’ ಎಂದಿದ್ದರೆ ಇಂಗ್ಲೆಂಡಿನಿಂದ ಬಂದದ್ದು ಗಾಜು, ಸೋಡಾ ಅಲ್ಲ.

ಗಾಜಿನ ಮೇಲೆ ಅಚ್ಚಿನ ಭಾಗಗಳು ಕೂಡಿದ ಗೆರೆ ಬಾಯಿಯವರೆಗೆ ಏರಿದ್ದರೆ ಯಂತ್ರದ್ದು, ಕೆಳಗೇ ನಿಂತಿದ್ದರೆ ಬಾಯಿಂದ ಊದಿ ಮಾಡಿದ್ದು ಎಂದೊಂದು ಸೂತ್ರವಿದೆ. ಗೋಲಿ ಬಾಟ್ಲಿಗೆ ಅದು ನಡೆಯದು. ಗೋಲಿ ಒಳಗೆ ಬಿಟ್ಟ ಮೇಲೆ ಬಾಯಿಯನ್ನು ಮತ್ತೆ ಕಾಯಿಸಿ, ರಬ್ಬರ್ ರಿಂಗಿಗೆ ತೋಡು ಮಾಡಿ ಮುಗಿಸುತ್ತಾರೆ. ಗೆರೆ ಅಲ್ಲೇ ಅಳಿಸಿಹೋಗುತ್ತದೆ. ಮೇಲಾಗಿ ಒಂದೇ ಬಾಟ್ಲಿ ನಾಲ್ಕು ಊರು, ನಾಲ್ಕು ಮಾಲೀಕರನ್ನು ಕಂಡಿರುತ್ತದೆ. ಒಳಗೆ ಶುಂಠಿ ಇತ್ತೋ ಬರೀ ಗ್ಯಾಸೋ ಎಂಬುದನ್ನಂತೂ ಗಾಜು ಹೇಳುವುದೇ ಇಲ್ಲ.

ಚೀಟಿ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಬೆಲೆ ಆಣೆಯಲ್ಲಿದ್ದರೆ ಹೆಚ್ಚುಕಡಿಮೆ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಎಫ್‌ಪಿಒ (ಹಣ್ಣಿನ ಉತ್ಪನ್ನಗಳ ಸರ್ಕಾರಿ ಆದೇಶದ ಲೈಸೆನ್ಸು) ನಂಬರಿದ್ದರೆ ಬಹುಮಟ್ಟಿಗೆ 1955ರ ಈಚಿನದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ, ಮಾರುವವನು ಏನೇ ಆಣೆ ಹಾಕಲಿ.

ಹಂತ 4: ಕಾಗದಪತ್ರ. ನೇರ ಬೆಂಗಳೂರಿಗೆ ಓಡಬೇಡಿ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಆ ಕಾಲದ ಕಡತಕ್ಕೆ ಚೆನ್ನೈ ನೋಡಿ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿಗೆ ಸೇರಿದ್ದವು. ನಿಜಾಮರ ಕಾಲದ ಉರ್ದು ಕಾಗದದಲ್ಲಿ ವರ್ಷ ಫಸಲಿಯೋ (ಕಂದಾಯದ ಲೆಕ್ಕದ ವರ್ಷ) ಹಿಜರಿಯೋ (ಮುಸ್ಲಿಮರ ಚಾಂದ್ರಮಾನ ವರ್ಷ) ಎಂದು ಓದುವವರನ್ನು ಎರಡು ಸಲ ಕೇಳಿ. ಫಸಲಿ 1357ಕ್ಕೆ 590 ಕೂಡಿಸಿದರೆ 1947, ಹಿಜರಿ 1357 ಎಂದರೆ 1938. ಒಂದು ಪದ ತಪ್ಪಿದರೆ ಒಂಬತ್ತು ವರ್ಷ ಹೋಯಿತು.

ನನ್ನ ಕೇಳಿದರೆ ಲೈಸೆನ್ಸಿಗಿಂತ ಮನೆಯ ಪಾಲುಪತ್ರ ವಾಸಿ. ನಾನು ನೋಡಿದ ಒಂದರಲ್ಲಿ ಅಣ್ಣನಿಗೆ ಸೋಡಾ ಮಿಷನ್, ತಮ್ಮನಿಗೆ ಬಾಟ್ಲಿ 6 ಗ್ರೋಸು ಎಂದು ಬರೆದಿತ್ತು. ಒಂದು ಗ್ರೋಸಿಗೆ 144. ಮಿಷನ್ನಿಲ್ಲದೆ 864 ಬಾಟ್ಲಿ ಇಟ್ಟುಕೊಂಡು ತಮ್ಮ ಏನು ಮಾಡಿದನೋ! ತಾರೀಖು ಮಾತ್ರ ಸ್ಪಷ್ಟವಾಗಿತ್ತು.

ಹಂತ 5: ಹಿರಿಯರನ್ನು ಮಾತಾಡಿಸಿ. ‘ಯಾವ ಇಸವಿ?’ ಎಂದು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಾರೆ. ‘ಮುತ್ಯಾ, ಡ್ಯಾಮಿಗೆ ನೀರು ಬಿಟ್ಟಾಗ ಅಂಗಡಿ ಇತ್ತೇನು?’ ಎನ್ನಿ. ಇಲ್ಲಿ ಡ್ಯಾಮ್ ಎಂದರೆ ತುಂಗಭದ್ರಾ, 1953ರ ಆಚೆಯೋ ಈಚೆಯೋ ಗೊತ್ತಾಗುತ್ತದೆ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ 1947–48ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ನಡೆದ ರಜಾಕಾರರ (ನಿಜಾಮರ ಪರವಾದ ಸಶಸ್ತ್ರ ಪಡೆಯವರ) ಗಲಾಟೆ ಇದೆ. ಶುಂಠಿ ಜಜ್ಜಿ ಹಾಕುತ್ತಿದ್ದರೋ ಎಸೆನ್ಸ್ ತರಿಸುತ್ತಿದ್ದರೋ ಎಂಬುದನ್ನು ಮಾತ್ರ ಎದ್ದು ಹೊರಡುವಾಗ ಕೇಳಿ. ಮೊದಲೇ ಕೇಳಿದರೆ ಮುಂದಿನ ಮಾತು ಹೊರಡುವುದಿಲ್ಲ.